ಡೆಲ್ಬರ್ಟ್ ತುಂಬಿದ ತೋಟಾಗಳು

ಕಾಟನ್‌ಕ್ರೀಕ್, ಮೊಂಟಾನಾ
ಅಕ್ಟೋಬರ್ 9, ಗುರುವಾರ

ಪ್ರಿಯ ಡೆಲ್ಬರ್ಟ್,

ಹೇಗಿದ್ದೀಯೆಂದು ಕೇಳುವ ಅಗತ್ಯವಿಲ್ಲ. ನಿನ್ನೆ ಬೆಳಿಗ್ಗೆ ನೀನು ಏಣಿ ಹತ್ತಿ ಸೂರಿನ ಮೇಲಿನ ಎಲೆ ಬಾಚುತ್ತಿದ್ದುದನ್ನು ನಮ್ಮ ಅಡುಗೆಮನೆಯ ಕಿಟಕಿಯಿಂದಲೇ ನೋಡಿದೆ. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಏಣಿ ಹತ್ತಬಾರದು ಕಣಯ್ಯ. ಹತ್ತಿದರೂ ಕೆಳಗೊಬ್ಬರು ಹಿಡಿದುಕೊಳ್ಳಬೇಕು. ನಾನೇ ಬಂದು ಹಿಡಿಯೋಣವೆಂದು ಬಾಗಿಲವರೆಗೆ ಹೋದೆ, ಆಮೇಲೆ ನಾವು ಮಾತು ಬಿಟ್ಟಿರುವುದು ನೆನಪಾಗಿ ವಾಪಸ್ ಬಂದು ಕುಳಿತೆ.

ಪತ್ರ ತಡವಾಯಿತು, ಕ್ಷಮಿಸು. ಹನ್ನೊಂದು ತಿಂಗಳು ತಡವಾಗಿದೆ. ಲಕೋಟೆಯ ಮೇಲೆ ವಿಳಾಸ ಬರೆದು ಎರಡು ವಾರವಾಯಿತು, ಒಳಗೆ ಹಾಕುವ ಕಾಗದ ಮಾತ್ರ ಹುಟ್ಟಿರಲಿಲ್ಲ. ಅಂಚೆಚೀಟಿ ಕೊಳ್ಳಲು ಹೋದಾಗ ಪೋಸ್ಟ್ ಆಫೀಸಿನಾಕೆ ವಿಳಾಸ ಓದಿ, "ಇದು ನಿಮ್ಮಿಂದ ನಾಲ್ಕನೇ ಮನೆ ಅಲ್ವಾ? ನಡ್ಕೊಂಡ್ ಹೋಗಿ ಕೊಟ್ಟಿದ್ರೆ ಇಷ್ಟೊತ್ತಿಗೆ ಕಾಫಿ ಕುಡಿದು ವಾಪಸ್ ಬಂದಿರ್ತಿದ್ರಿ" ಎಂದಳು. ಅವಳಿಗೇನು ಗೊತ್ತು, ಆ ನಾಲ್ಕು ಮನೆ ದಾಟುವುದು ಪರ್ವತ ಹತ್ತುವುದಕ್ಕಿಂತ ಕಷ್ಟ.

ಇಲ್ಲಿಯ ಸುದ್ದಿ: ನನ್ನಾಕೆ ಲವಾನ್‌ಳ ಸೊಂಟ ವಾಸಿಯಾಗಿದೆ, ನಾಲಿಗೆಗೆ ಮೊದಲೂ ಏನೂ ಆಗಿರಲಿಲ್ಲ. ಮೇಲಿನ ಗುಡ್ಡದಲ್ಲಿ ಆಗಲೇ ಹಿಮ ಬಿದ್ದಿದೆ, ಎಲ್ಕ್ ಜಿಂಕೆಗಳು ಕೆಳಗಿಳಿಯುತ್ತಿವೆಯಂತೆ. ಬೇಟೆಯ ಕಾಲ ಶುರುವಾಗಲು ಇನ್ನು ಹದಿನಾರೇ ದಿನ.

ನೀನು ಕಳೆದ ನವೆಂಬರಿನಲ್ಲಿ ನಮ್ಮ ಜಗಲಿಯ ಮೇಲೆ ಇಟ್ಟುಹೋದ ಡಬ್ಬ ಇನ್ನೂ ಅಲ್ಲೇ ಇದೆ. ಇಪ್ಪತ್ತಾರು ವರ್ಷ ನಿನ್ನ ನೆಲಮಾಳಿಗೆಯಲ್ಲಿ ನೀನು ನನಗಾಗಿ ಕೋವಿಮದ್ದು ತುಂಬಿ ತುಂಬಿ ಕೊಟ್ಟ ಹಿತ್ತಾಳೆ ತೋಟಾಗಳು, ಅಷ್ಟೂ ಖಾಲಿ, ಅಷ್ಟೂ ತೊಳೆದು ಬೆಳಗಿದ್ದು. ಹೋಟೆಲಿನಲ್ಲಿ ನಾಲ್ಕು ಜನರೆದುರು, "ಡೆಲ್ಬರ್ಟ್ ಮದ್ದು ತೂಗೋವಾಗ ಕನ್ನಡಕ ಹಾಕಿರ್ಲಿಲ್ಲ ಅನ್ಸುತ್ತೆ, ಅದಕ್ಕೇ ನನ್ನ ಎಲ್ಕ್ ಗಾಯ ಆಗಿ ತಪ್ಪಿಸ್ಕೊಂಡ್ತು" ಎಂದು ನಾನು ಅಂದೆನಲ್ಲ, ಅದರ ಮರುದಿನ ಬಂದ ಡಬ್ಬ ಅದು. ಮದ್ದಿನ ಒಂದೊಂದು ಕಾಳನ್ನೂ ತೂಗಿ ಹಾಕುವವನಿಗೆ ಹಾಗನ್ನುವುದೂ ಒಂದೇ, ಅಡುಗೆಯವಳಿಗೆ ಸಾರಿನಲ್ಲಿ ಉಗುಳಿದ್ದೀಯ ಅನ್ನುವುದೂ ಒಂದೇ. ನೀನು ಮುಳ್ಳುಚಮಚ ಕೆಳಗಿಟ್ಟು, ಒಂದು ಮಾತೂ ಆಡದೆ ಎದ್ದು ಹೋದೆ. ಲವಾನ್ ಡಬ್ಬದೊಳಗೆ ಇಣುಕಿ, "ಬೇರೆಯವರಿಗೆ ವಕೀಲರ ನೋಟಿಸು ಬರುತ್ತೆ, ನಿನಗೆ ಹಿತ್ತಾಳೆ ಬಂದಿದೆ" ಎಂದಳು.

ನನಗೂ ಹಠ ಬಂತು. ತೋಟಾ ತುಂಬುವ ಯಂತ್ರವನ್ನು ನಾನೇ ತಂದು ಅಡುಗೆಮನೆಯ ಮೇಜಿಗೆ ಬಿಗಿದೆ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡೆ ಎನ್ನಬೇಕು. ಖಾಲಿ ತೋಟಾಕ್ಕೆ ಎಣ್ಣೆ ಸವರಿ ಒತ್ತಬೇಕೆಂದು ನೀನು ನೂರು ಸಲ ಹೇಳಿದ್ದೆ, ನಾನು ಒಣಗಿದ್ದನ್ನೇ ಒತ್ತಿದೆ. ಅದು ಅಚ್ಚಿನೊಳಗೆ ಕಚ್ಚಿಕೊಂಡಿತು, ಹಿಡಿಕೆ ಎಳೆದರೆ ಮೇಜೇ ಎದ್ದು ಬಂತು. ಸುತ್ತಿಗೆ ತಂದೆ. ಲವಾನ್‌ಳ ಸೇಬಿನ ಕೇಕ್ ಒಲೆಯಲ್ಲಿತ್ತು, ಹೊಡೆತದ ಅದುರಿಕೆಗೆ ನಡು ಕುಸಿದು ತಟ್ಟೆಯಾಯಿತು. ಆ ರಾತ್ರಿ ನಾನು ಒಬ್ಬನೇ ಅದನ್ನು ತಿಂದು ಮುಗಿಸಬೇಕಾಯಿತು. ಯಂತ್ರ ಈಗ ಗ್ಯಾರೇಜಿನಲ್ಲಿದೆ, ತೋಟಾ ಇನ್ನೂ ಅದರೊಳಗೇ ಇದೆ.

ಇನ್ನು ಕಾರ್ಖಾನೆಯ ತೋಟಾವೇ ಗತಿಯೆಂದು ಅಂಗಡಿಗೆ ಹೋದೆ. ಅಲ್ಲೊಬ್ಬ ಗಡ್ಡದ ಮಾರಾಟಗಾರ ನನ್ನ ತ್ರೀ ಹಂಡ್ರೆಡ್ ಮ್ಯಾಗ್ನಮ್ ಕೋವಿಯ ಹೆಸರು ಕೇಳಿಯೇ ಮುಖ ಸಿಂಡರಿಸಿದ.

"ಅಷ್ಟು ದೊಡ್ಡದು ಯಾಕೆ ಸಾರ್? ಈಗೆಲ್ಲಾ ಸಣ್ಣ ತೋಟಾನೇ. ಭುಜಕ್ಕೆ ಒದೆ ಇಲ್ಲ, ಏನಿಲ್ಲ, ಮಗು ಥರ ಇರುತ್ತೆ."

"ಮಗು ಮನೇಲಿರಲಿ ಕಣಪ್ಪ. ನಾನು ಹೊಡೆಯೋದು ಮುನ್ನೂರೈವತ್ತು ಕಿಲೋ ಎಲ್ಕ್."

"ಎಲ್ಕಿಗೆ ತೋಟಾ ಹೆಸರು ಗೊತ್ತಾಗಲ್ಲ ಸಾರ್. ಎಲ್ಲಿ ಬಿತ್ತು ಅನ್ನೋದು ಮಾತ್ರ ಗೊತ್ತಾಗುತ್ತೆ."

ಮೂವತ್ತು ವರ್ಷದಿಂದ ನೀನು ನಿನ್ನ ಸಣ್ಣ ಟೂ ಸೆವೆಂಟಿ ಕೋವಿ ಹಿಡಿದುಕೊಂಡು ಹೇಳುತ್ತಿರುವುದೂ ಅದನ್ನೇ. ಸಿಟ್ಟು ಬಂದು ಅತಿ ಭಾರದ ಗುಂಡಿನ ಪೆಟ್ಟಿಗೆಯನ್ನೇ ಕೇಳಿ ತೆಗೆದುಕೊಂಡೆ.

ಶನಿವಾರ ಗುರಿ ಸರಿಮಾಡಿಕೊಳ್ಳಲು ಮೈದಾನಕ್ಕೆ ಹೋದೆ. ನೀನು ಬಂದಿರಲಿಲ್ಲ, ಅರ್ಧ ಊರು ಬಂದಿತ್ತು. ಮೊದಲ ಐದು ಗುಂಡು ಹಲಗೆಯ ಐದು ಮೂಲೆಗೆ ಹೋದವು, ಹಲಗೆಗೆ ಇರುವುದೇ ನಾಲ್ಕು ಮೂಲೆ. ಗಾಳಿ ಅಂದೆ. ಕೋವಿಯ ಮೇಲಿನ ದುರ್ಬೀನು ಸಡಿಲ ಅಂದೆ. ಕಾರ್ಖಾನೆಯವರಿಗೆ ಮದ್ದು ತೂಗಲು ಬರುವುದಿಲ್ಲ ಅಂದೆ. ಪಕ್ಕದಲ್ಲಿ ಕುಳಿತು ಒಂದೊಂದೇ ತೋಟಾ ಕೈಗೆ ಕೊಡುತ್ತಿದ್ದ ಲವಾನ್, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದು ಇನ್ನೊಂದು ಕೊಟ್ಟಳು.

ಉಸಿರು ಹಿಡಿದು ಕೋವಿಯ ಕುದುರೆ ಎಳೆದೆ. ಟಿಕ್ ಎಂದಿತು, ಅಷ್ಟೆ. ಆದರೆ ನನ್ನ ಕೋವಿಯ ಮೂತಿ ಗೇಣುದ್ದ ಕೆಳಕ್ಕೆ ಹಾರಿತು, ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿದ್ದವು, ಮೇಲಾಗಿ ನಾನು "ಉಫ್" ಎಂದು ಭುಜ ಉಜ್ಜಿಕೊಂಡೆ. ಸಾಲಿನ ಕೊನೆಯಿಂದ ಯಾರೋ, "ಆರ್ವಿಡ್, ಗುಂಡು ಹಾರ್ಲಿಲ್ಲ. ನೀವೊಬ್ರೇ ಹಾರಿದ್ದು" ಎಂದರು. ಅರ್ಧ ಊರು ನಕ್ಕಿತು. ನಗಲಿ ಬಿಡು, ನಾನಾಗಿದ್ದರೂ ನಗುತ್ತಿದ್ದೆ.

ಲವಾನ್ ಕೊಟ್ಟಿದ್ದು ಮದ್ದಿಲ್ಲದ ತೋಟಾ. ನೋಡಲು ಥೇಟ್ ಅಸಲಿಯ ಹಾಗೆ, ಒಳಗೆ ಬರೀ ಗಾಳಿ. ಹೊಡೆಯುವವನು ಒದೆಗೆ ಹೆದರಿ ಮೊದಲೇ ಬೆಚ್ಚುತ್ತಾನೋ ಎಂದು ಪತ್ತೆಮಾಡಲು ನಾವೇ ಎಷ್ಟು ಎಳೆಯರಿಗೆ ಹಾಗೆ ಕೊಟ್ಟಿಲ್ಲ. ವಾಪಸ್ ಬರುವಾಗ ಗಾಡಿಯಲ್ಲಿ ಕೇಳಿದೆ.

"ಎಲ್ಲಿ ಸಿಕ್ತು ಅದು?"

"ಡೆಲ್ಬರ್ಟ್ ಕೊಟ್ಟಿದ್ದು."

"ಯಾವಾಗ? ಅವನು ನಮ್ಮನೆ ಕಡೆ ತಲೆ ಹಾಕಿ ವರ್ಷ ಆಗ್ತಾ ಬಂತು."

"ಹೋದ ವರ್ಷ, ಸೆಪ್ಟೆಂಬರಲ್ಲಿ. 'ಆರ್ವಿಡ್ ಮೂರು ವರ್ಷದಿಂದ ಕಣ್ಣು ಮುಚ್ಚಿ ಹೊಡೀತಿದ್ದಾನೆ. ನಾನು ಹೇಳಿದ್ರೆ ಜಗಳ ಆಗುತ್ತೆ. ನೀವಿಬ್ರೇ ಇರೋವಾಗ ಇದನ್ನ ನಡುವೆ ಕೊಡಿ, ಅವನಿಗೇ ಗೊತ್ತಾಗುತ್ತೆ' ಅಂದ. ನಿನಗೆ ನೋವಾಗುತ್ತೆ ಅಂತ ನಾನು ಅಂಗಿ ಗುಂಡಿಯ ಡಬ್ಬದಲ್ಲಿ ಇಟ್ಬಿಟ್ಟಿದ್ದೆ. ತಪ್ಪು ನಂದೂ ಇದೆ."

"ಮತ್ತೆ ಇವತ್ತು ಅರ್ಧ ಊರಿನ ಮುಂದೆ ಕೊಟ್ಟೆಯಲ್ಲ?"

"ನೀನು ಅವನನ್ನ ಅಂದಿದ್ದೂ ಊರ ಮುಂದೇನೇ ಅಲ್ವಾ."

ಆಮೇಲೆ ಮನೆ ತಲುಪುವವರೆಗೆ ಹೋಟೆಲಿನ ಆ ಬೆಳಿಗ್ಗೆಯನ್ನೇ ಯೋಚಿಸುತ್ತಿದ್ದೆ. ನನ್ನಿಂದ ತಪ್ಪಿಸಿಕೊಂಡ ಎಲ್ಕನ್ನು ನೀನು ಎರಡು ದಿನ ಹಿಮದಲ್ಲಿ ಹುಡುಕಿ ಬಂದಿದ್ದೆ, ಮೂರನೆಯ ದಿನ ನಾನು ಆ ಮಾತು ಅಂದೆ. "ತೋಟಾ ಸರಿ ಇತ್ತು, ಇವನೇ ಕಣ್ಣು ಮುಚ್ಚಿ ಹೊಡೆಯೋದು" ಎಂದು ನೀನು ಒಂದೇ ವಾಕ್ಯ ಹೇಳಿದ್ದರೆ ನನ್ನ ಮಾನ ಆ ಮೇಜಿನ ಮೇಲೇ ಹೋಗುತ್ತಿತ್ತು. ನಿನಗೆ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಮಾನ ಬಿಟ್ಟುಕೊಟ್ಟು ಎದ್ದು ಹೋದೆ. ಡೆಲ್ಬರ್ಟ್, ನನಗೆ ನಾಚಿಕೆಯಾಗುತ್ತಿದೆ. ನಿನ್ನೆ ಹೋಟೆಲಿಗೆ ಹೋಗಿ, ಅದೇ ನಾಲ್ಕು ಜನರೆದುರು ನಿಂತು, ತಪ್ಪು ತೋಟಾದ್ದಲ್ಲ, ನನ್ನದು ಎಂದು ಹೇಳಿ ಬಂದೆ. ಅವರಲ್ಲೊಬ್ಬ, "ಅದು ನಮಗೆ ಶನಿವಾರವೇ ಗೊತ್ತಾಯ್ತು" ಎಂದ.

ಈಗ ಕೇಳು. ಮ್ಯಾಗ್ನಮನ್ನು ಮಾರಿಬಿಟ್ಟೆ. ಒಂದು ಹಳೆಯ ಟೂ ಸೆವೆಂಟಿ ಕೊಂಡಿದ್ದೇನೆ. ಇದನ್ನು ನೀನು ಎರಡು ಸಲ ಓದಿಕೊಳ್ಳಬಹುದು, ಆದರೆ ಯಾರಿಗೂ ತೋರಿಸಬೇಡ. ಅದಕ್ಕೆ ಇಪ್ಪತ್ತು ತೋಟಾ ತುಂಬಿಕೊಡುತ್ತೀಯಾ? ಮದ್ದು ಸ್ವಲ್ಪ ಕಡಿಮೆ ಇರಲಿ, ಮುದುಕನ ಭುಜ. ಇಪ್ಪತ್ತೈದರ ಬೆಳಿಗ್ಗೆ ನಾಲ್ಕಕ್ಕೆ ಗಾಡಿ ಹೊರಡಿಸುತ್ತೇನೆ. ನೀನಿಲ್ಲದೆ ಗುಡ್ಡ ಹತ್ತಲು ನನಗೆ ಮನಸ್ಸಿಲ್ಲ. ನೀನು ಬಂದರೆ ಮಾತ್ರ ಹೋಗುವುದು.

ನಿನ್ನ ಮೊಣಕಾಲು ಗಟ್ಟಿಯಾಗಿರಲಿ, ನಿನ್ನಾಕೆ ಇನೆಜ್‌ಳ ಕೆಮ್ಮು ವಾಸಿಯಾಗಲಿ, ನಿಮ್ಮ ಮನೆಯ ಫ್ರೀಜರ್ ಚಳಿಗಾಲವಿಡೀ ಮಾಂಸದಿಂದ ತುಂಬಿರಲಿ.

ನಿನ್ನ
ಆರ್ವಿಡ್

ಮತ್ತೊಂದು ಮಾತು. ಮರೆತು ಕೊನೆಗೆ ಬರೆಯುತ್ತಿರುವುದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಆ ಎಲ್ಕಿನ ರಕ್ತದ ಜಾಡು ಹಿಡಿದು ಕತ್ತಲಾಗುವವರೆಗೆ ನಡೆದೆ, ದಕ್ಷಿಣದ ಹಳ್ಳದಲ್ಲಿ ಜಾಡು ತಪ್ಪಿತು ಎಂದು ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು. ಅರ್ಧ ಗಂಟೆ ನಡೆದಿದ್ದೆ, ಅಷ್ಟೆ. ಉತ್ತರದ ಪೈನ್ ಮರಗಳ ಒಳಗೆ ಅದು ಉಸಿರೆಳೆಯುವುದು ಕೇಳಿಸಿತು. ಗುಂಡು ಅದರ ಮೈಯಲ್ಲಿ ಎಲ್ಲಿ ಬಿದ್ದಿದೆಯೆಂದು ಹೋಗಿ ನೋಡಲು ಮನಸ್ಸಾಗಲಿಲ್ಲ. ತಿರುಗಿ ಬಂದು ಗಾಡಿಯಲ್ಲಿ ಕುಳಿತುಬಿಟ್ಟೆ. ಇದು ಲವಾನ್‌ಗೂ ಗೊತ್ತಿಲ್ಲ. ಇದನ್ನು ಓದಿದ ಮೇಲೆ ನೀನು ಬಾರದೆ ಹೋದರೆ ನನ್ನ ತಕರಾರಿಲ್ಲ. ಎರಡು ದಿನ ನೀನು ಆ ಹಿಮದಲ್ಲಿ ಹುಡುಕಿದ್ದು, ಅದು ಇಲ್ಲವೆಂದು ನನಗೆ ಗೊತ್ತಿದ್ದ ಕಡೆ.