ಹಡಗು ನಿಮಗೆ ಕೊಡಲ್ಲ

ಸೇಂಟ್ ಜಾನ್ಸ್ ಬಂದರು
ಅಕ್ಟೋಬರ್ ೧೪

ಪ್ರೀತಿಯ ಇವೆಟ್,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ವಕೀಲರ ವಿಷಯವೇನೋ ಎಂದು ಗಾಬರಿಯಾಗಬೇಡ. ನಾವು ಬೇರೆಯಾಗಿ ಹದಿನಾಲ್ಕು ತಿಂಗಳಾಯಿತು. ಫೋನಿನಲ್ಲಿ ಮಾತಾಡಿದರೆ ಮೂರನೇ ಮಾತಿಗೇ ಸಿಡುಕುತ್ತೇನೆ, ಅದಕ್ಕೇ ಈ ಕಾಗದ. ನಮ್ಮ ಹಡಗಿನ ಒಬ್ಬ ಹುಡುಗಿಯನ್ನು ಮನಸಾರೆ ಹೊಗಳಬೇಕಾಗಿದೆ, ಅದನ್ನು ಕೇಳಿಸಿಕೊಳ್ಳಲು ನೀನೇ ಬೇಕು ಅನ್ನಿಸಿತು. ಹುಬ್ಬೇರಿಸಬೇಡ, ಅವಳಿಗೆ ಇನ್ನೂ ಇಪ್ಪತ್ತನಾಲ್ಕು.

ಹೆಸರು ಕೋರಾ ಪ್ರಾಸ್ಪರ್. ಹೊಸ ಅಧಿಕಾರಿ. ತಾನೇ ನಿಂತು ಹಡಗು ನಡೆಸುವ ಪರವಾನಗಿ ಖಾಯಂ ಆಗಲು ಅವಳಿಗೆ ನನ್ನ ಒಂದು ವರದಿ, ಒಂದು ಸಹಿ ಬಾಕಿ ಇತ್ತು.

ನಮ್ಮ ಪಾಳಿ ನಿನಗೆ ಬಾಯಿಪಾಠ. ಐದು ಗಂಟೆ ಕಾವಲು, ಐದು ಗಂಟೆ ಬಿಡುವು, ಮತ್ತೆ ಏಳು ಕಾವಲು, ಏಳು ಬಿಡುವು. ಬಿಡುವು ಎಂಬುದು ಹೆಸರಿಗೆ ಮಾತ್ರ. ಊಟ, ಬೆಂಕಿ ಆರಿಸುವ ಕವಾಯತು, ಕಾಗದಪತ್ರ, ಎಲ್ಲವೂ ಅದರೊಳಗೇ ಮುಗಿಯಬೇಕು. ನಾಲ್ಕನೇ ವಾರಕ್ಕೆ ಸೂಪು ಕೊಟ್ಟವನ ಮೇಲೂ ರೇಗುವ ಹಾಗಾಗುತ್ತದೆ. ಆದರೂ ನಮಗೆ ಅದೇ ಹೆಮ್ಮೆ. ಆಕಳಿಸುವ ಹೊಸಬರಿಗೆ, "ನಿದ್ದೆ ಬೇಕಿದ್ರೆ ದಡದಲ್ಲಿ ಕೆಲಸ ಹುಡುಕ್ಕೋ ಮರಿ" ಎಂದು ಗೇಲಿ ಮಾಡುತ್ತಿದ್ದವನು ನಾನೇ.

ಕಳೆದ ಮಂಗಳವಾರ ಬೆಳಿಗ್ಗೆ ಏಳೂವರೆಗೆ ಕಾವಲು ಮುಗಿಸಿ, ಕವಾಯತು ನಡೆಸಿ, ನಲವತ್ತು ನಿಮಿಷ ಕಣ್ಣು ಮುಚ್ಚಿದ್ದೆ. ಹನ್ನೆರಡೂವರೆಗೆ ಕೋರಾಳಿಂದ ಹಡಗು ವಹಿಸಿಕೊಳ್ಳಲು ಮೇಲೆ ಚುಕ್ಕಾಣಿ ಕೋಣೆಗೆ ಹೋದೆ. ಕಣ್ಣು ಕುಕ್ಕುವ ಬಿಸಿಲು. ಬಿಟ್ಟುಕೊಡುವವರು ಸುತ್ತಲಿನದನ್ನೆಲ್ಲ ಹೇಳಬೇಕು, ವಹಿಸಿಕೊಳ್ಳುವವರು ಅದನ್ನೇ ತಿರುಗಿ ಒಪ್ಪಿಸಬೇಕು. ಆಮೇಲೆ ಅವರು "ಹಡಗು ನಿಮ್ಮದು" ಎನ್ನಬೇಕು, ಇವರು "ಹಡಗು ನನ್ನದು" ಎನ್ನಬೇಕು. ಅಲ್ಲಿಯವರೆಗೆ ಕ್ಯಾಪ್ಟನ್ ಬಿಟ್ಟರೆ ಇನ್ನಾರೂ ಅದನ್ನು ಕಸಿದುಕೊಳ್ಳುವಂತಿಲ್ಲ.

"ಬಲಕ್ಕೆ ಮೂರು ಮೀನಿನ ದೋಣಿ ಇವೆ ಸಾರ್, ಬಲೆ ಬಿಟ್ಟಿದಾರೆ" ಎಂದಳು ಕೋರಾ.

"ಎಡಕ್ಕೆ ಮೂರು" ಎಂದೆ.

ಅವಳು ಇನ್ನೊಮ್ಮೆ ಹೇಳಿದಳು. ಎಡಕ್ಕೆ ಎಂದೆ. ಮೂರನೇ ಸಲ ಕೈ ತೋರಿಸಿ ಹೇಳಿದಳು. ನಾನು ಆ ಕೈಯನ್ನೇ ನೋಡುತ್ತಾ ಮತ್ತೆ ಎಡಕ್ಕೆ ಎಂದೆನಂತೆ. ನನಗದು ನೆನಪೇ ಇಲ್ಲ.

"ಕ್ಷಮಿಸಿ ಸಾರ್, ಹಡಗು ನಿಮಗೆ ಕೊಡಲ್ಲ" ಎಂದಳು. "ನೀವು ಹೋಗಿ ಮಲಗಿ. ಕ್ಯಾಪ್ಟನ್‌ಗೆ ನಾನೇ ಫೋನ್ ಮಾಡಿ ಹೇಳ್ತೀನಿ."

ಚುಕ್ಕಾಣಿ ಹಿಡಿದಿದ್ದ ನಾವಿಕ ತಿರುಗಿ ನಮ್ಮಿಬ್ಬರನ್ನೂ ನೋಡಿದ. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಇಂಥ ಮಾತು ನಾನು ಕೇಳಿರಲಿಲ್ಲ. ನಿಯಮದಲ್ಲಿ ಇದೆ, ನಿಜ, ಬಳಸಿದವರನ್ನು ಕಂಡಿರಲಿಲ್ಲ. ನಿನಗೆ ನನ್ನ ಸಿಟ್ಟು ಗೊತ್ತಲ್ಲ. ದಡದಡ ಕೆಳಗಿಳಿದು, ಅವಳು ಉದ್ಧಟೆ, ಪರವಾನಗಿಗೆ ಯೋಗ್ಯಳಲ್ಲ ಎಂದು ವರದಿ ಬರೆದು ಕ್ಯಾಪ್ಟನ್ ಮೆರ್ಸರ್ ಕೈಗೆ ಕೊಟ್ಟೆ.

"ಎಷ್ಟು ಹೊತ್ತು ಮಲಗಿದ್ದೆ, ಗೋರ್ಡನ್?" ಎಂದು ಆಕೆ ಕೇಳಿದರು. ಸಾಕಷ್ಟು ಎಂದೆ. ನಾಳೆ ಬೆಳಿಗ್ಗೆವರೆಗೂ ವರದಿ ತನ್ನ ಮೇಜಿನ ಮೇಲೇ ಇರುತ್ತದೆ ಎಂದು ಹೇಳಿ ನನ್ನನ್ನು ಮಲಗಲು ಕಳಿಸಿದರು.

ಆರು ಗಂಟೆ ಸತ್ತವನಂತೆ ಮಲಗಿದೆ. ಎದ್ದು ಹೋದರೆ ಅಡುಗೆಯ ಕ್ಲೈಡ್ ಸೂಪು ಬಡಿಸುತ್ತಾ, "ಆ ಹುಡುಗಿ ನಿಮ್ಮ ಪಾಳಿನೂ ಸೇರಿ ಹತ್ತು ತಾಸು ನಿಂತ್ಳು ಸಾರ್. ಕ್ಯಾಪ್ಟನ್ ಬೇರೆಯವರನ್ನ ಕಳಿಸ್ತೀನಿ ಅಂದ್ರೂ ಬೇಡ ಅಂದ್ಲಂತೆ, ಮಿಕ್ಕೋರೂ ಮಲಗಲಿ ಅಂತ. ಈಗ ಅವಳ ರಾತ್ರಿ ಪಾಳಿಗೆ ಬೇರೆಯವರು ನಿಂತಿದಾರೆ" ಎಂದ. ಅವಳು ಮೂಲೆಯ ಮೇಜಿನಲ್ಲಿ ಬೂಟು ಬಿಚ್ಚಿ ಕೂತಿದ್ದಳು. ಯಾರು ಕಲಿಸಿದ ಧೈರ್ಯ ಇದು ಎಂದು ಕೇಳಿದೆ, ಕುಟುಕುವ ದನಿಯಲ್ಲೇ.

"ನೀವೇ ಸಾರ್. ಮೊದಲನೇ ವಾರ ಹೇಳಿದ್ರಿ, ಸರಿಯಾಗಿ ಒಪ್ಪಿಸ್ದೇ ಇದ್ರೆ ಅಡ್ಮಿರಲ್ ಬಂದ್ರೂ ಬಿಡಬೇಡ ಅಂತ."

ಅದರಲ್ಲಿ ವ್ಯಂಗ್ಯವಿರಲಿಲ್ಲ, ಇವೆಟ್. ತನ್ನ ನೌಕರಿ ಹೋಗಬಹುದೆಂದು ಅವಳಿಗೆ ಗೊತ್ತಿತ್ತು. ಬಲಗಡೆಯ ದೋಣಿಗಳಲ್ಲಿ ಜನರಿದ್ದಾರೆ ಎಂಬುದೂ ಗೊತ್ತಿತ್ತು. ಎರಡನ್ನೂ ತೂಗಿ ನೋಡಿಯೇ ಹಡಗು ಬಿಟ್ಟುಕೊಡದೆ ನಿಂತಿದ್ದಳು. ನನ್ನ ಹತ್ತೊಂಬತ್ತು ವರ್ಷದಲ್ಲಿ ನಾನು ಅಷ್ಟು ದೊಡ್ಡ ಕೆಲಸ ಮಾಡಿಲ್ಲ.

ಅಲ್ಲಿಂದ ಎದ್ದವನೇ ಕ್ಯಾಪ್ಟನ್ ಬಳಿ ಹೋಗಿ ವರದಿ ಹರಿದುಹಾಕಿದೆ. ಹೊಸದರಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದೆ: ನಾನು ಕಾವಲಿಗೆ ತಕ್ಕ ಸ್ಥಿತಿಯಲ್ಲಿರಲಿಲ್ಲ, ಕೇಳಿದಾಗ ಸುಳ್ಳು ಹೇಳಿದೆ, ಇವಳು ಹಡಗು ಉಳಿಸಿದಳು. ಬರುವ ವರ್ಷ ನನಗೆ ಸಿಗಬೇಕಿದ್ದ ಬಡ್ತಿ ಇನ್ನು ಸಿಗಲಾರದು. ಅವಳಿಗೆ ಪರವಾನಗಿ ಸಿಕ್ಕಿತು. ಇಲ್ಲಿಂದ ಹೊರಟಮೇಲೆ ನಾಲ್ಕು ಗಂಟೆ ಕಾವಲು, ಎಂಟು ಗಂಟೆ ಬಿಡುವು, ದಿನವೂ ಅದೇ ಹೊತ್ತಿಗೆ ಎಂದು ಕ್ಯಾಪ್ಟನ್ ಪಾಳಿ ಬದಲಿಸಿದ್ದಾರೆ. ಬಂದರಿನಲ್ಲಿ ಮೂರು ದಿನ ಚೆನ್ನಾಗಿ ನಿದ್ದೆ ಮಾಡಿದೆ. ಅದಕ್ಕೇ ಇಷ್ಟು ಉದ್ದ ಬರೆಯುವ ತಾಳ್ಮೆ ಬಂದಿದೆ.

ನಿನ್ನ
ಗೋರ್ಡನ್ ಪೆಟಿಪಾ

ಮ.ವಿ: ಇದು ಮರೆತ ಮಾತಲ್ಲ, ಬರೆಯಲು ಹೆದರಿ ಕೊನೆಗೆ ಉಳಿಸಿಕೊಂಡದ್ದು. ಎರಡು ವರ್ಷದ ಹಿಂದೆ ನಾನು ಸಮುದ್ರದಿಂದ ಮರಳಿದ ದಿನ, ನಾನು ಓಡಿಸುತ್ತಿದ್ದ ಕಾರು ಕಂಬಕ್ಕೆ ಗುದ್ದಿ ನಮ್ಮ ಮಗಳು ಸಿಮೋನಳ ಕೈ ಮುರಿಯಿತು. ಹಿಮದಲ್ಲಿ ಜಾರಿತು, ಚಳಿಗಾಲದ ಟೈರು ಹಾಕಿಸದ ನಿನ್ನದೇ ತಪ್ಪು ಎಂದು ನಿನ್ನ ತಾಯಿಯ ಎದುರಿಗೇ ಬೈದೆ. ನೀನೂ ನಂಬಿ ಕಣ್ಣೀರಿಟ್ಟೆ. ಆ ತಿರುವಿನಲ್ಲಿ ಹಿಮವೇ ಇರಲಿಲ್ಲ, ಇವೆಟ್. ನಾನು ನಿದ್ದೆ ಹೋಗಿದ್ದೆ.