ಮಿಸ್ಸಿನ ಮನೆಯ ಮಾತು

ಕೋಲಾರದ ಒಳಪೇಟೆ,
ಕ್ರಿ.ಶ. ೨೨೯೧, ಹದಿಮೂರನೆಯ ತಿಂಗಳು

ಹಿಂದಿನವರಾದ ನಿಮಗೆ ಗಂಗರತ್ನ ಮಾಡುವ ನಮಸ್ಕಾರಗಳು. ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮ ಬೇಸಿಗೆ ಹನ್ನೆರಡು ತಿಂಗಳಲ್ಲಿ ಮುಗಿಯದ ಕಾರಣ ದೊಡ್ಡವರು ಇನ್ನೊಂದು ತಿಂಗಳನ್ನು ಅಂಟಿಸಿದ್ದಾರೆ. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಇಲ್ಲಿ ವಯಸ್ಸಾದವರಿಗೆ ಜೀವಮಾನದಲ್ಲಿ ಒಂದು ‘ಹಿಂದಂಚೆ’ಯ ಅವಕಾಶವಿದೆ, ಅಂದರೆ ಕಳೆದುಹೋದ ಕಾಲಕ್ಕೆ ಹಾಕುವ ಕಾಗದ. ಬಹಳ ಜನ ನಿಮ್ಮನ್ನು ಕೆರೆ ಉಳಿಸಿ, ಮರ ಉಳಿಸಿ ಎಂದು ಬೇಡಿಕೊಳ್ಳುತ್ತಾರೆ. ಅದೂ ಬೇಕಾದದ್ದೇ. ನಾನು ಕೇಳುವುದು ಅಷ್ಟು ದೊಡ್ಡದಲ್ಲ, ಒಂದು ಪದದ ವಿಚಾರ. ಆ ಪದದ ದೆಸೆಯಿಂದ ನನ್ನ ತಂಗಿ ಪಿಳ್ಳಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ನಾವಿರುವುದು ನೆಲದ ಕೆಳಗೆ, ನಿಮ್ಮ ಹಿರಿಯರು ಚಿನ್ನಕ್ಕಾಗಿ ತೋಡಿದ ಸುರಂಗಗಳಲ್ಲಿ. ಕನ್ನಡಿಯಿಂದ ಕನ್ನಡಿಗೆ ಬೆಳಕು ಹಾಯಿಸುವ ‘ಬಿಸಿಲುಕೊಳವೆ’ಗಳ ಕೆಳಗೆ ರಾಗಿ ಬೆಳೆಯುತ್ತೇವೆ. ಮಧ್ಯಾಹ್ನಕ್ಕೆ ಮುದ್ದೆ, ಬಸ್ಸಾರು. ಅದನ್ನು ಮಾತ್ರ ಯಾರೂ ಕಸಿದುಕೊಂಡಿಲ್ಲ. ನಮ್ಮ ಮನೆಗೆ ‘ಮಿಸ್ಸಿನ ಮನೆ’ ಎಂದು ಹೆಸರು. ನಿಮ್ಮ ಕಾಲದಲ್ಲಿ ನಮ್ಮ ಹಿರಿಯಜ್ಜಿಯೊಬ್ಬರು ಶಾಲೆಯಲ್ಲಿ ಪಾಠ ಹೇಳುತ್ತಿದ್ದರಂತೆ, ಮಕ್ಕಳು ಅವರನ್ನು ಮಿಸ್ ಎಂದು ಕರೆಯುತ್ತಿದ್ದರಂತೆ. ಹೆಸರಿನ ಜೊತೆಗೆ ಆ ಪದದ ಬಂಧುಬಳಗವೆಲ್ಲ ನಮ್ಮಲ್ಲಿ ಉಳಿದುಕೊಂಡಿತು. ಬಸ್ಸು ಹೇಗಿರುತ್ತದೆಂದು ಕಂಡವರಿಲ್ಲ, ಆದರೂ ಊಟಕ್ಕೆ ತಡವಾಗಿ ಬಂದವರಿಗೆ ಅಮ್ಮ “ಬಸ್ಸು ಮಿಸ್ಸಾಯ್ತು ಕಣಪ್ಪ, ತಳ ಕೆರ್ಕೊಂಡು ತಿನ್ನು” ಎನ್ನುತ್ತಿದ್ದಳು. ಮೇಲಿಂದ ಕಲ್ಲು ಉದುರಿ ಪಕ್ಕಕ್ಕೆ ಬಿದ್ದರೆ ಅಪ್ಪ ತಲೆ ಸವರಿಕೊಂಡು “ಜಸ್ಟ್ ಮಿಸ್ಸು!” ಎಂದು ನಗುತ್ತಿದ್ದ. ಹಬ್ಬಕ್ಕೆ ಕರೆದರೆ “ಮಿಸ್ ಮಾಡ್ದೆ ಬರ್ಬೇಕು” ಎಂದೇ ಕರೆಯುತ್ತಿದ್ದೆವು. ತಂಗಿ ಪಿಳ್ಳಿ ಬೇಡದ ಕಷಾಯವನ್ನು ಬೇಕೆಂದೇ ಚೆಲ್ಲಿ “ಮಿಸ್ಸಾಗಿ ಬಿದ್ದೋಯ್ತಮ್ಮೋ” ಎಂದು ಕಣ್ಣರಳಿಸುತ್ತಿದ್ದಳು.

ಆಮೇಲೆ ಬಂದದ್ದು ‘ನುಡಿಗಾವಲು’. ಕಿವಿಯ ಹಿಂದೆ ಅಂಟಿಸುವ, ಹುಣಸೆಬೀಜದಷ್ಟು ಯಂತ್ರ. ದೂರದವರ ಜೊತೆ ಆಡುವ ಮಾತೆಲ್ಲ ಅದರ ಮೂಲಕವೇ ಹೋಗಬೇಕು. ಅದು ಮಾತನ್ನು ಶುದ್ಧಮಾಡಿ, ನಮ್ಮದೇ ದನಿಯಲ್ಲಿ ಆಚೆಯವರಿಗೆ ಕೇಳಿಸುತ್ತದೆ. ಒಂದು ಪದಕ್ಕೆ ಒಂದೇ ಅರ್ಥ ಎಂಬುದು ಅದರ ಮಡಿ. ಸಮಪದ ಮಂಡಳಿ ಎಂಬುದೊಂದಿದೆ, ಅವರು ಕೂತು ‘ಮಿಸ್’ ಬದಲು ‘ತಪ್ಪು’ ಎಂದು ಗೊತ್ತುಮಾಡಿದರು. ಅವರನ್ನು ಪೂರ್ತಿ ಬೈಯಲಾರೆ. ಬಸ್ಸು ತಪ್ಪಿತು, ಕಲ್ಲೇಟು ತಪ್ಪಿತು, ತಪ್ಪದೆ ಬನ್ನಿ, ಕೈತಪ್ಪಿ ಬಿತ್ತು. ಎಲ್ಲವೂ ಎಷ್ಟು ಚೆನ್ನಾಗಿ ಕೂತವೆಂದರೆ ಅವರು ತಮ್ಮ ಬೆನ್ನು ತಾವೇ ತಟ್ಟಿಕೊಂಡು ಎದ್ದರು. ನಮ್ಮದು ‘ತಪ್ಪಿನ ಮನೆ’ಯಾಯಿತು, ಅದಕ್ಕೂ ನಾವು ನಕ್ಕೆವು. ಉಳಿದ ಒಂದು ಬಳಕೆ ಮಾತ್ರ ಯಾರಿಗೂ ಹೊಳೆಯಲಿಲ್ಲ.

ಪಿಳ್ಳಿ ಮದುವೆಯಾಗಿ ‘ತೇಲೂರಿ’ಗೆ ಹೋದಳು. ಅದು ಸಮುದ್ರದ ಮೇಲೆ ತಿರುಗಾಡಿಕೊಂಡಿರುವ ಹಡಗಿನ ಊರು. ಅವಳು ಹೋದ ಮೇಲೆ ಬಂದ ಮೊದಲ ಹಬ್ಬದ ದಿನ, ಊಟಕ್ಕೆ ಕೂತಾಗ ಪಕ್ಕದಲ್ಲಿ ಅವಳಿಲ್ಲದ್ದನ್ನು ತಡೆಯಲಾರದೆ ಕರೆ ಮಾಡಿ, “ನಿನ್ನ ಬಾಳ ಮಿಸ್ ಮಾಡ್ಕೊಂತಾ ಇದೀನಿ ಕಣೇ ಪಿಳ್ಳಿ” ಅಂದೆ. ಗಾವಲು ಅವಳ ಕಿವಿಗೆ ಮುಟ್ಟಿಸಿದ್ದು ಹೀಗೆ: “ಪಿಳ್ಳಿ, ನಾನು ನಿನ್ನಿಂದ ಬಹಳ ತಪ್ಪಿಸಿಕೊಳ್ಳುತ್ತಿದ್ದೇನೆ.” ದನಿ ನನ್ನದೇ, ಮಾತು ಅದರದ್ದು. ಅವಳು ಕೂಡಲೇ ಕರೆ ಮುಗಿಸಿದಳು. ಮತ್ತೆ ನನ್ನ ದನಿ ತನ್ನ ಕಿವಿಗೆ ಬೀಳದಂತೆ ತಡೆ ಹಾಕಿಸಿದಳು. ಏನಾಯಿತೆಂದೇ ತಿಳಿಯದೆ ವರ್ಷಗಟ್ಟಲೆ ಒದ್ದಾಡಿದೆ. ಮೊನ್ನೆ ತೇಲೂರಿನ ಸಹವಾಸ ಸಾಕೆಂದು ಮರಳಿ ಬಂದ ನೆರೆಮನೆಯ ಕದಿರಪ್ಪ ನಡೆದದ್ದನ್ನು ತಿಳಿಸಿದ. “ನಿನ್ನಿಂದ ತಪ್ಪಿಸ್ಕೊಂಡು ತಿರುಗ್ತೀನಿ ಅಂತ ಅಕ್ಕನೇ ಬಾಯ್ಬಿಟ್ಟು ಹೇಳಿದ್ಮೇಲೆ ಯಾವ ಮೊಕ ಇಟ್ಕೊಂಡು ಹೋಗ್ಲಿ ಅಂತ ಅಳ್ತಾಳಮ್ಮ” ಅಂದ. ಅಷ್ಟು ಕೇಳಿದವಳೇ ನಾನು ಈ ಹಿಂದಂಚೆಗೆ ಹೆಸರು ಬರೆಸಿದೆ.

ಬೇರೆ ಮಾತಿರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ನೆನಪಾಗುತ್ತೀಯ ಎನ್ನಬಹುದಿತ್ತು, ಆದರೆ ನೆನಪಿಗೆ ಹಳೆಯ ಹಲ್ಲುನೋವೂ ಬರುತ್ತದೆ. ನಿನಗಾಗಿ ಹಂಬಲಿಸುತ್ತಿದ್ದೇನೆ ಎಂದಿದ್ದರೆ ಪಿಳ್ಳಿ ಬಿದ್ದು ಬಿದ್ದು ನಗುತ್ತಿದ್ದಳು. ಮನೆ ಬಿಕೋ ಎನ್ನುತ್ತಿದೆ ಎಂದರೆ ಅದು ಮನೆಯ ಸಂಕಟವಾಯಿತು, ನನ್ನದಲ್ಲ. ಮಿಸ್ ಮಾಡ್ಕೊಂತೀನಿ ಎನ್ನುವಾಗ ಇವೆಲ್ಲ ಸೇರಿ, ಜೊತೆಗೆ ಏನೋ ಕೈಜಾರಿತಲ್ಲ ಎಂಬ ಕಳವಳವೂ ಇರುತ್ತಿತ್ತು. ಎಲ್ಲಿಂದಲೋ ಬಂದ ಪದ ನಮ್ಮ ಬಾಯಲ್ಲಿ ಉರುಳಿ ಉರುಳಿ ಅಷ್ಟು ನಮ್ಮದಾಗಿತ್ತು.

ಮೇಲಿನ ಬಿಸಿಲನ್ನು ನನ್ನ ಎದೆ ತಡೆಯದು, ಅವಳಿರುವಲ್ಲಿಗೆ ಹೋಗಲಾರೆ. ನಮ್ಮ ಕಡೆಯಿಂದ ಹೋಗುವವರೂ ಈಗ ಯಾರೂ ಇಲ್ಲ. ಕರೆಯಲ್ಲಿ ಬೇರೆಯವರಿಂದ ಹೇಳಿಸಿದರೂ ಗಾವಲು ‘ಮಿಸ್’ ಅನ್ನು ಮತ್ತೆ ‘ತಪ್ಪು’ ಮಾಡಿಯೇ ಮುಟ್ಟಿಸುತ್ತದೆ. ಅದಕ್ಕೇ ನಿಮ್ಮಲ್ಲಿ ಬೇಡಿಕೊಳ್ಳುತ್ತಿದ್ದೇನೆ. ನುಡಿಗಾವಲು ಕನ್ನಡ ಕಲಿತದ್ದು ನೀವು ಬರೆದಿಟ್ಟುಹೋದ ಬರಹಗಳಿಂದ. ದಿನವಿಡೀ ಆಡಿದ ಮಾತನ್ನು ಬರೆಯುವ ಹೊತ್ತಿಗೆ ನೀವು ನಾಚಿಕೊಂಡು ಬಿಟ್ಟುಬಿಟ್ಟಿರಿ. ಯಾರಾದರೂ ‘ಮಿಸ್’ ಎಂದರೇನು ಎಂದು ಕೇಳಿದರೆ ಒಂದು ಪದ ಕೊಟ್ಟು ಕೈತೊಳೆದುಕೊಳ್ಳಬೇಡಿ. ಅಕ್ಕ ತಂಗಿಗೆ ಆಡುವ ಇಡೀ ಮಾತನ್ನು, ಅದನ್ನು ಕೇಳಿ ತಂಗಿ ಏನೆಂದಳೆಂಬುದನ್ನೂ ಸೇರಿಸಿ ಬರೆದಿಡಿ. ಹಾಗೆ ಬರೆದಿಟ್ಟರೆ ಆ ಹಬ್ಬದ ದಿನ ನನ್ನ ಮಾತು ಅವಳಿಗೆ ನೆಟ್ಟಗೆ ಮುಟ್ಟಿರುತ್ತದೆ. ಆಗ ನಾನು ಈ ಕಾಗದ ಬರೆಯುವ ಪ್ರಮೇಯವೇ ಬರುವುದಿಲ್ಲ, ಇದು ನಿಮ್ಮ ಕೈಯಿಂದಲೂ ಮಾಯವಾಗುತ್ತದೆ. ಇದನ್ನು ನೀವಿನ್ನೂ ಓದುತ್ತಿದ್ದೀರಿ ಎಂದರೆ, ನನ್ನ ಪಿಳ್ಳಿ ಇನ್ನೂ ಅಳುತ್ತಿದ್ದಾಳೆ. ಬೇಗ ಬರೆಯಿರಿ.

ಇಂತಿ,
ಗಂಗರತ್ನ