ತಾರೀಖಿಲ್ಲದ ಗೆರೆ

ಮಾರ್ಚ್ 3, ಸೋಮವಾರ

ಹೊಳೆದಂಡೆಯ ಬಂಗಲೆಯಲ್ಲಿ ಎರಡನೇ ದಿನ. ಟೇಪು ಹಿಡಿದು ಅಳತೆ, ಆಮೇಲೆ ಜಾಹೀರಾತಿನ ಬರಹ. ಇಪ್ಪತ್ತೆರಡು ಕೋಣೆ, ನೂರನಲವತ್ತು ವರ್ಷ. 'ಭವ್ಯ' ಅನ್ನೋ ಪದ ಮೂರು ಸಲ ಹೊಡೆದುಹಾಕಿದೆ. ಮೂರು ಸಲವೂ ಭಾವ ಮತ್ತೆ ಸೇರಿಸಿದರು. ಮನೆ ಮಾರಿಸೋ ಆಫೀಸು ಅವರದು. ನಾನು ಎಂ.ಎ. ಓದಿದ ನಾದಿನಿ, ಅಷ್ಟೇ.

ನೆಲಮಹಡಿಯಲ್ಲಿ ಹೊಳೆ ಕಡೆಯ ಕೋಣೆ. ಬಾಗಿಲ ಹಿಂದೆ ಗೋಡೆ ಮೇಲೆ ಇದ್ದಿಲಿನ ಗೆರೆಗಳು — ಪಾದದೆತ್ತರ, ಮೊಣಕಾಲೆತ್ತರ, ಸೊಂಟದೆತ್ತರ. ಪಕ್ಕದಲ್ಲಿ ಸಣ್ಣಕ್ಷರದ ತಾರೀಖು. ಮಕ್ಕಳನ್ನು ನಿಲ್ಲಿಸಿ ಅಳೆದದ್ದು ಅಂದುಕೊಂಡೆ. ಆದರೆ ಪಾದದಷ್ಟೆತ್ತರದ ಮಗು ಯಾವುದು?

ಎಲ್ಲಕ್ಕೂ ಮೇಲೆ, ನನ್ನ ತಲೆಗಿಂತ ಎತ್ತರದಲ್ಲಿ, ಇನ್ನೊಂದು. ಅದಕ್ಕೆ ಮಾತ್ರ ತಾರೀಖಿಲ್ಲ.

ಮಾರ್ಚ್ 4

ಬಂಗಲೆಯ ಯಜಮಾನಿ ಬಂದಿದ್ದರು. ಕೇಳಿಯೇಬಿಟ್ಟೆ.

"ಹೊಳೆ ಮನೆಯೊಳಗೆ ಬಂದಾಗೆಲ್ಲ ಹಿರಿಸೊಸೆ ಗೆರೆ ಎಳೀಬೇಕು. ಕೆಳಗಿನ ಎರಡು ನಂದೇ."

"ಮೇಲಿನದು?"

"ಅತ್ತೇದು. ಆ ನೀರು ಇನ್ನೂ ಬಂದಿಲ್ಲ."

"ಬಾರದ ನೀರಿಗೂ ಗೆರೆಯೇ?"

"ದಂಡೆ ಸವೀತಿರೋದು ನೋಡ್ತಾನೇ ಇದ್ರು. ಒಂದಿನ ಸ್ಟೂಲ್ ಹತ್ತಿ ಎಳೆದೇಬಿಟ್ರು. ನಾವೆಲ್ಲ ನಕ್ಕಿದ್ದೇ ನಕ್ಕಿದ್ದು." ಬಾಗಿಲನ್ನು ಮತ್ತೆ ಗೋಡೆಗೆ ಸರಿಸಿದರು. "ಆದ್ರೆ ಆಮೇಲೆ ಯಾರೂ ಕೆಳಗೆ ಮಲಗಲಿಲ್ಲ."

ಮನೆಗೆ ಬಂದು ಕವಿತೆ ಪುಸ್ತಕ ತೆಗೆದೆ. ಓದಲಾಗಲಿಲ್ಲ. ಎಷ್ಟೆತ್ತರ ಅಂತ ಆಕೆ ಹೇಗೆ ಲೆಕ್ಕ ಹಾಕಿದರೋ…

ಮಾರ್ಚ್ 7

ಡಾಕ್ಟರೊಬ್ಬರು ಮನೆ ನೋಡಿ ಒಪ್ಪಿದರು. ತಾಯಿ ಹಾಸಿಗೆ ಹಿಡಿದಿದ್ದಾರೆ, ಮೆಟ್ಟಿಲು ಹತ್ತೋ ಮಾತೇ ಇಲ್ಲ. ಅವರಿಗೆ ಅದೇ ಕೋಣೆಯಂತೆ. ಬಾಗಿಲು ಸರಿಸಿ ನೋಡಿದೆ — ಹೊಚ್ಚಹೊಸ ಬಿಳಿ ಬಣ್ಣ, ಇನ್ನೂ ಹಸಿ.

ಗೆರೆಗಳನ್ನ ಯಾಕೆ ಮುಚ್ಚಿಸಿದಿರಿ ಅಂತ ಕಾರಿನಲ್ಲಿ ಭಾವನ್ನ ಕೇಳಿದೆ.

"ಯಾವುದೋ ಅಜ್ಜಿ ಗೀಚಿದ್ದಕ್ಕೆ ಹೆದರಿ ವ್ಯಾಪಾರ ಬಿಡ್ಲಾ?"

"ಉಳಿದವು ನಿಜವಾಗಿ ಬಂದ ನೀರೇ ಅಲ್ವಾ ಭಾವ?"

"ಕೇಳಿದ್ರೆ ಹೇಳ್ತಿದ್ದೆ, ಅವರು ಕೇಳ್ಲಿಲ್ಲ. ನೀನು ಬಾಯಿಬಿಟ್ಯೋ, ನಾಳೆಯಿಂದ ಆಫೀಸಿನ ಕಡೆ ತಲೆ ಹಾಕ್ಬೇಡ."

ಮಾರ್ಚ್ 12, ಬೆಳಗ್ಗೆ 10

ನಾಲ್ಕು ದಿನ ಏನೂ ಬರೆಯಲಿಲ್ಲ. ನಾಳೆ ರಿಜಿಸ್ಟ್ರೇಷನ್.

ಈಗ ತಾನೇ ಡಾಕ್ಟರ ಮನೆಗೆ ಫೋನ್ ಮಾಡಿದೆ. ಎತ್ತಿದ್ದು ತಾಯಿ. ಮನೆ ಮಾರಿಸೋ ಆಫೀಸಿನವಳು ಅಂದೆ.

"ಮಗ ಪೇಷೆಂಟ್ ನೋಡ್ತಿದಾನೆ. ಬಂಗಲೆ ಬಗ್ಗೆ ಬರೆದೋಳು ನೀನೇನಾ? ಎಷ್ಟು ಚೆನ್ನಾಗಿ ಬರ್ದಿದೀಯೇ ತಾಯಿ! ನಾಲ್ಕು ಸಲ ಓದಿಸ್ಕೊಂಡೆ. ಮಲಗಿದಲ್ಲಿಂದ್ಲೇ ಹೊಳೆ ಕಾಣುತ್ತಂತಲ್ಲ, ನಿಜಾನಾ?"

"ಕಾಣುತ್ತಮ್ಮ. ಅದರ ವಿಷಯ ಹೇಳೋಕೇ ಫೋನ್ ಮಾಡಿದ್ದು," ಅಂದೆ.

ಆ ಕಡೆ ಮಂಚ ಕಿರ್ ಅಂತು. ಕೇಳಿಸಿಕೊಳ್ಳೋಕೆ ದಿಂಬಿಗೆ ಒರಗಿ ಕೂತರೇನೋ. ನಾನು ಪಾದದೆತ್ತರದ ಗೆರೆಯಿಂದ ಶುರುಮಾಡಿ, ತಾರೀಖಿಲ್ಲದ ಗೆರೆವರೆಗೂ ಒಂದೊಂದಾಗಿ ಹೇಳಿದೆ.